ಕವಲೊಡೆದ ತಾಳೆ

ತಾಳೆಮರ ಕವಲೊಡೆಯುತ್ತದೆ ಎಂದರೆ ನಾನು ನಂಬುತ್ತಿರಲಿಲ್ಲ, ದೀವ್‌ಗೆ ಹೋಗಿ ಕಣ್ಣಾರೆ ನೋಡುವವರೆಗೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಪುಣೆಯ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು ದೀಪಾವಳಿ ರಜೆಯಲ್ಲಿ ಯಜಮಾನರ ಜೊತೆ ಅಲ್ಲಿಗೆ ಹೋಗಿದ್ದೆ. ಸಮುದ್ರ ಪಕ್ಕದಲ್ಲೇ ಇದ್ದರೂ ನೆಲ ಒಣಒಣ. ಮರಳ ಮೇಲೆ ಅಡುಂಬು ಬಳ್ಳಿ, ಅದರಾಚೆ ಎಕ್ಕ, ಕಳ್ಳಿ. ಅವುಗಳ ನಡುವೆ ಈ ಮರಗಳು: ಒಂದು ಕಾಂಡ ಎರಡಾಗಿ, ಎರಡು ನಾಲ್ಕಾಗಿ, ಪ್ರತಿ ತುದಿಗೂ ಒಂದು ಬೀಸಣಿಗೆ ತಲೆ. ಅಲ್ಲಿಯವರು ಹೋಕಾ ಎನ್ನುತ್ತಿದ್ದರು. ಪೇರಲದಷ್ಟು ದೊಡ್ಡ ಕಂದು ಕಾಯಿಗಳು ಕೆಳಗೆ ಬಿದ್ದಿದ್ದವು. ನಾಲ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮೂರು ಕೊಳೆತವು. ಒಂದು ಮೊಳೆಯಿತು. ಈ ಜಾತಿಯ ಮೊಳಕೆ ಮೊದಲು ಮೇಲೆ ಬರುವುದಿಲ್ಲ, ನೆಲದೊಳಗೆ ಆಳಕ್ಕೆ ಇಳಿಯುತ್ತದೆ. ಬಕೆಟ್ಟಿನ ಆಳ ಸಾಲದು ಎಂದು ತಿಳಿದು, ನಮ್ಮ ಕಟ್ಟಡದ ಹಿಂದೆ ಕಾಂಕ್ರೀಟ್ ಹಾಕದೆ ಉಳಿದಿದ್ದ ಮೂಲೆಯಲ್ಲಿ ನೆಟ್ಟೆ. ನೆಡುವಾಗ ಗುದ್ದಲಿ ಹಿಡಿದವಳು ಎದುರುಮನೆಯ ಅಕ್ಕ. ಧಾರವಾಡದವಳು, ನನಗಿಂತ ಆರು ವರ್ಷ ದೊಡ್ಡವಳು. ಅವಳ ಯಜಮಾನರೇ ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ. ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಸೊಪ್ಪು ಸೋಸದ ದಿನವಿರಲಿಲ್ಲ.

“ಇದನ್ನ ಮುಂದ ಬ್ಯಾರೆ ಕಡೆ ಹಚ್ಚಾಕ ಬರತದೇನ್ರಿ ವೈನಿ?” ಎಂದು ಅವಳೇ ಒಮ್ಮೆ ಕೇಳಿದ್ದಳು. ವೈನಿ, ಅಂದರೆ ಅತ್ತಿಗೆ, ಎಂದೇ ನನ್ನನ್ನು ಕರೆಯುತ್ತಿದ್ದಳು.

“ಇಲ್ರಿ ಅಕ್ಕಾ. ಬೇರು ಭಾಳ ಆಳಕ್ಕ ಹೋಗಿರತದ. ಕಿತ್ರ ಸಾಯತದ.”

ಹದಿನಾಲ್ಕು ವರ್ಷ ಬೆಳೆಯಿತು. ಕೊನೆಗೆ ಎದೆಯೆತ್ತರದಲ್ಲಿ ಕಾಂಡ ಸೀಳಿ ಎರಡಾದ ದಿನ ನಾನು ಶಾಲೆಗೆ ತಡವಾಗಿ ಹೋದೆ.

ಅದೇ ವರ್ಷ ಮಗಳ ಬಾಣಂತನಕ್ಕೆಂದು ಬೆಳಗಾವಿಯಲ್ಲಿ ಮೂರು ತಿಂಗಳು ಇರಬೇಕಾಯಿತು. ಯಜಮಾನರೂ ಬ್ಯಾಂಕಿನ ತರಬೇತಿಗೆಂದು ಊರಲ್ಲಿರಲಿಲ್ಲ. ಮನೆಯ ಕೀಲಿ, ಗಿಡದ ನೀರು ಎಲ್ಲ ಅಕ್ಕನಿಗೇ ಒಪ್ಪಿಸಿ ಹೋದೆ. ತಿರುಗಿ ಬಂದಾಗ ಹಿತ್ತಲ ಮೂಲೆಗೆ ಹೊಸ ಫರಸಿಕಲ್ಲು ಕೂತಿತ್ತು, ಅದರ ಮೇಲೆ ಯಾರದೋ ಸ್ಕೂಟರ್ ನಿಂತಿತ್ತು.

“ಬುಡಕ್ಕ ಹುಳ ಬಿದ್ದಿತ್ರಿ ವೈನಿ. ಯಾರ ಮ್ಯಾಲರೆ ಬಿದ್ದೀತು ಅಂತ ಸೊಸೈಟಿಯವ್ರು ತೆಗಸಿದ್ರು. ಬಾಣಂತಿ ಮನ್ಯಾಗ ಇದ್ದೀರಿ, ಫೋನ್ ಮಾಡಿ ಯಾಕ ದುಃಖ ಕೊಡೂದು ಅಂತ ಸುಮ್ನಾದೆ,” ಎಂದಳು ಅಕ್ಕ.

ನಾನು ಅತ್ತೆ. ಐವತ್ತು ದಾಟಿದ ಹೆಂಗಸು ಒಂದು ಮರಕ್ಕಾಗಿ ಅಳುವುದೇ ಎಂದು ಅವಳು ನಗಲಿಲ್ಲ. ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು, ತನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದಳು. ಸಂಜೆ ಬಿಸಿ ಉಪ್ಪಿಟ್ಟು ತಂದು, ನಾನು ತಿನ್ನುವವರೆಗೆ ಎದುರಿಗೆ ಕೂತಿದ್ದಳು.

ಎರಡು ತಿಂಗಳ ಮೇಲೆ ಮೊಮ್ಮಗನನ್ನು ಜೇಜುರಿಗೆ ಕರೆದೊಯ್ಯುವ ಹರಕೆ ತೀರಿಸಲು ಹೊರಟೆವು. ಸಾಸವಡ ದಾಟಿದ ಮೇಲೆ ಮಗುವಿಗೆ ಹಾಲು ಕುಡಿಸಬೇಕೆಂದು ರಸ್ತೆ ಬದಿಯ ಹೊಸ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆವು. ಬಾಗಿಲ ಪಕ್ಕದಲ್ಲಿ, ಮೂರು ಕಡೆ ಹಗ್ಗ ಬಿಗಿಸಿಕೊಂಡು, ನನ್ನ ಮರ ನಿಂತಿತ್ತು. ಅರ್ಧ ಗರಿ ಕತ್ತರಿಸಿದ್ದರು. ಉಳಿದವು ಬಣ್ಣಗೆಟ್ಟು ಜೋತುಬಿದ್ದಿದ್ದವು. ಕವಲಿನ ಕೆಳಗೆ, ಒಮ್ಮೆ ನಾನೇ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದರಿಂದ ಆಗಿದ್ದ ಗಾಯದ ಗುರುತು ಹಾಗೇ ಇತ್ತು.

ನೀರು ಬಿಡುತ್ತಿದ್ದ ಮಾಲಿಯನ್ನು ಮರಾಠಿಯಲ್ಲಿ ಕೇಳಿದೆ. ಮಾಲೀಕರ ಅಕ್ಕ ಪುಣೆಯಿಂದ ಕೊಟ್ಟದ್ದು, ಉದ್ಘಾಟನೆಗೆ ಶೋಭೆ ಇರಲೆಂದು ಲಾರಿಯಲ್ಲಿ ತಂದದ್ದು ಎಂದ. ಇಂಥದ್ದು ಈ ಸೀಮೆಯಲ್ಲೇ ಇಲ್ಲವಂತೆ ತಾಯಿ, ಎಂದು ಹೆಮ್ಮೆಯಿಂದಲೇ ಹೇಳಿದ. ಅಕ್ಕನ ತಮ್ಮ ಸಾಸವಡದ ಕಡೆ ಹೋಟೆಲು ಕಟ್ಟಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಮಗಳು ಕರೆದಳು. ಜೇಜುರಿಯ ಮೆಟ್ಟಿಲು ಹತ್ತಿದೆ, ಭಂಡಾರದ ಅರಿಷಿಣ ಎರಚಿದೆ. ದೇವರ ಮುಂದೆ ನಿಂತು ಏನು ಬೇಡಿಕೊಂಡೆನೋ ನೆನಪಿಲ್ಲ.

ಮರುದಿನ ಅಕ್ಕನ ಮನೆಗೆ ಹೋಗಿ ನಿಂತೇ ಕೇಳಿದೆ. “ಹುಳ ಬಿದ್ದಿತ್ತು ಅಂದಿದ್ರಿ?”

“ತಮ್ಮ ಭಾಳ ಕೇಳಿದ, ವೈನಿ. ಅಲ್ಲಿ ನೂರು ಮಂದಿ ನೋಡ್ತಾರ. ಇಲ್ಲಿ ಹಿತ್ತಲದಾಗ ಯಾರು ನೋಡ್ತಿದ್ರು? ನಿಮ್ಮನ್ನ ಕೇಳಿದ್ರ ಒಪ್ತಿದ್ರೇನು?”

“ಒಪ್ತಿರಲಿಲ್ಲ. ಸಾಯತದ ಅಂತ ಗೊತ್ತಿತ್ತಲ್ಲ ನಿಮಗ.”

“ಒಂದು ಗಿಡಕ್ಕ ಇಷ್ಟು ಮಾಡಬಾರದ್ರಿ.”

ಸೊಸೈಟಿಯವರಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೇನೆಂದು ಹೇಳಿದ್ದಳೆಂಬುದು ಆಮೇಲೆ ತಿಳಿಯಿತು. ಅವಳು ಬಂದು ಬೇಡಿದ್ದರೆ ನಾನು ಜಗಳವಾಡುತ್ತಿದ್ದೆ, ಇಲ್ಲವೆನ್ನುತ್ತಿದ್ದೆ. ಅವಳು ಕದ್ದೇ ಒಯ್ದಿದ್ದರೂ ಎಂದಾದರೂ ಮರೆಯುತ್ತಿದ್ದೆನೇನೋ. ಆದರೆ ಅಂದು ಹೆಗಲು ಕೊಟ್ಟಳಲ್ಲ, ಅದನ್ನು ಮರೆಯಲಾಗಲಿಲ್ಲ. ನಾನು ಬಿಕ್ಕುತ್ತಿರುವಾಗ ಅವಳ ಕೈ ನನ್ನ ಬೆನ್ನು ಸವರುತ್ತಿತ್ತು, ಆ ಹೊತ್ತಿಗೆ ಮರ ಸಾಸವಡದಲ್ಲಿತ್ತು.

ಮಳೆಗಾಲ ಮುಗಿಯುವುದರೊಳಗೆ ಮರ ಸತ್ತಿತು. ಅಲ್ಲಿ ಈಗ ಸಾಲಾಗಿ ನುಣುಪು ಕಾಂಡದ ಪರದೇಶಿ ಪಾಮ್ ಮರಗಳಿವೆ ಎಂದು ಯಜಮಾನರು ಹೇಳಿದರು.

ನಾವು ಮಾತು ಬಿಡಲಿಲ್ಲ. ಎದುರುಬದುರು ಬಾಗಿಲು, ಬಿಡುವುದಾದರೂ ಹೇಗೆ? ಸಂಕ್ರಾಂತಿಗೆ ಎಳ್ಳು ಕೊಟ್ಟೆ, ಅರಿಷಿಣ ಕುಂಕುಮಕ್ಕೆ ಹೋದೆ. ಮೊನ್ನೆ ಬಾಗಿಲಲ್ಲಿ ನಿಂತು, “ಇವತ್ತ ನಳಕ್ಕ ನೀರ ಬರೂದಿಲ್ಲಂತ್ರಿ ವೈನಿ,” ಎಂದಳು. ಹೌದೇನ್ರಿ ಎಂದೆ. ಬಾಗಿಲು ಹಾಕಿಕೊಂಡು ಒಳಗೆ ಹೋಗಿ, ನಲ್ಲಿ ತಿರುವಿ ನೋಡಿದೆ.