ಉಳಿಸಿಟ್ಟ ಟೈಮ್‌ಔಟ್

ಆ ದಿನಗಳಲ್ಲಿ ನಮ್ಮ ಮನೆಯ ಭಾನುವಾರಕ್ಕೆ ಎರಡು ಗಡಿಯಾರಗಳಿದ್ದವು. ಒಂದು ಅಡುಗೆಮನೆಯ ಗೋಡೆಯದು. ಇನ್ನೊಂದು ಟೀವಿಯ ಕೆಳಮೂಲೆಯಲ್ಲಿ, ಫುಟ್‌ಬಾಲ್ ಆಟದ ಅಂಕಗಳ ಪಕ್ಕದಲ್ಲಿ ಇರುತ್ತಿತ್ತು. ಮೊದಲನೆಯದು ಯಾರಿಗೋಸ್ಕರವೂ ನಿಲ್ಲುತ್ತಿರಲಿಲ್ಲ. ಎರಡನೆಯದು ಕೇಳುವ ಕ್ರಮದಲ್ಲಿ ಕೇಳಿದರೆ ನಿಲ್ಲುತ್ತಿತ್ತು. ನನಗೆ ಆಗ ಒಂಬತ್ತು ವರ್ಷ. ನನ್ನ ನಂಬಿಕೆಯೆಲ್ಲ ಎರಡನೆಯದರ ಮೇಲೆ.

ನಾವಿದ್ದದ್ದು ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ. ಆ ವರ್ಷದ ಬೇಸಿಗೆಯಲ್ಲಿ ರಿಚರ್ಡ್‌ಸನ್‌ನಲ್ಲಿದ್ದ ಅಪ್ಪನ ಆಫೀಸು ಮುಚ್ಚಿತು. ಹೊಸ ಕೆಲಸ ಸಿಕ್ಕಿದ್ದು ಹ್ಯೂಸ್ಟನ್‌ನಲ್ಲಿ. ನನ್ನ ಶಾಲೆ, ಅಮ್ಮನ ಕೆಲಸ ಎರಡೂ ಇಲ್ಲೇ ಇದ್ದುದರಿಂದ ಅಪ್ಪ ಒಬ್ಬನೇ ಹೋಗಿಬರುವುದು ಎಂದಾಯಿತು. ಶುಕ್ರವಾರ ರಾತ್ರಿ ಬರುತ್ತಿದ್ದ, ಭಾನುವಾರ ಮಧ್ಯಾಹ್ನ ಹೊರಡುತ್ತಿದ್ದ. ಬರುವಾಗ ಅಲ್ಲಿಯ ಹಿಲ್‌ಕ್ರಾಫ್ಟ್ ಬೀದಿಯ ನಮ್ಮವರ ಅಂಗಡಿಗಳಿಂದ ಕರಿಬೇವು, ಎಳೆಯ ಬದನೆಕಾಯಿ, ಒಂದು ಡಬ್ಬಿ ಪೇಡೆ ತರುತ್ತಿದ್ದ. ಶನಿವಾರ ಕಾರಿನ ಬಾಗಿಲು ತೆಗೆದರೂ ಒಳಗೆ ಕರಿಬೇವಿನ ವಾಸನೆ ಇರುತ್ತಿತ್ತು. ನಾನು ಸುಮ್ಮನೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದೆ.

ಹ್ಯೂಸ್ಟನ್‌ಗೆ ನಾಲ್ಕು ಗಂಟೆಯ ಹಾದಿ. ರಾತ್ರಿಯಾದರೆ ಸ್ಟಿಯರಿಂಗ್ ಹಿಡಿದಲ್ಲೇ ಅಪ್ಪನಿಗೆ ಕಣ್ಣು ಎಳೆಯುತ್ತಿತ್ತು. ಹಾಗಾಗಿ ಅಮ್ಮ ಒಂದು ಕಾನೂನು ಮಾಡಿದ್ದಳು. "ನಾಲ್ಕರ ಒಳಗ ಹೊರಟ್ರ ಹೊರಡ್ರಿ. ಇಲ್ಲಾಂದ್ರ ಮಲಕೊಂಡು ಬೆಳಗಿನ ಜಾವ ಹೋಗ್ರಿ. ನಡುವಿನ ಮಾತು ಬ್ಯಾಡ." ಅಪ್ಪ ಒಪ್ಪಿದ್ದ. ಅವನದೂ ಒಂದು ಕರಾರು: ಡಲ್ಲಾಸ್ ತಂಡದ ಆಟ ಮುಗಿಯುವ ತನಕ ಅವನನ್ನು ಸೋಫಾದಿಂದ ಎಬ್ಬಿಸಬಾರದು. ಆಟ ಹನ್ನೆರಡಕ್ಕೆ ಶುರುವಾಗಿ ಮೂರರ ಸುಮಾರಿಗೆ ಮುಗಿಯುತ್ತಿತ್ತು. ಟೀವಿ ಆರಿಸಿದ ಮೇಲೆ ಅಪ್ಪ ಬ್ಯಾಗು ಎತ್ತಿಕೊಳ್ಳುತ್ತಿದ್ದ.

ಇಲ್ಲಿಯ ಫುಟ್‌ಬಾಲ್ ಕಾಲಿನ ಆಟವಲ್ಲ. ಉದ್ದುದ್ದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಕೆಡವುವ ಆಟ. ಅಪ್ಪನಿಗೆ ಓಟ, ಎಸೆತಕ್ಕಿಂತ ಹಿಡಿಸಿದ್ದು ಕೊನೆಯ ಕೆಲವು ನಿಮಿಷ. ಮುಂದಿರುವ ತಂಡ ಗಡಿಯಾರವನ್ನು ಓಡಿಸಲು ನೋಡುತ್ತದೆ, ಹಿಂದಿರುವ ತಂಡ ನಿಲ್ಲಿಸಲು. ನಿಲ್ಲಿಸುವುದಕ್ಕೆ ಪ್ರತಿ ಅರ್ಧ ಆಟಕ್ಕೂ ಒಂದೊಂದು ತಂಡಕ್ಕೆ ಮೂರು ಟೈಮ್‌ಔಟ್. ಬಳಸದೆ ಉಳಿಸಿದ್ದು ಮುಂದಕ್ಕೆ ಸೇರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ನಮ್ಮ ಜೊತೆ ಆಟ ನೋಡಲು ಎದುರುಮನೆಯ ಪ್ರಸಾದ್ ಅಂಕಲ್ ಬರುತ್ತಿದ್ದರು. ಮೈಸೂರಿನವರು, ಕ್ರಿಕೆಟ್ಟಿನವರು. ಅಮ್ಮನ ಚೂಡಾ ಅವಲಕ್ಕಿಗೋಸ್ಕರ ಈ ಆಟವನ್ನು ಸಹಿಸಿಕೊಳ್ಳುತ್ತಿದ್ದರು.

"ಎರಡು ನಿಮಿಷ ಇದೆ ಅಂತ ತೋರಿಸಿ ಅರ್ಧ ಗಂಟೆ ಆಯ್ತಲ್ಲ ಸಾರ್," ಎನ್ನುವರು. "ಈ ಎರಡು ನಿಮಿಷದಲ್ಲಿ ನಮ್ಮ ಮನೇಲಿ ಅನ್ನ ಸಾರು ಎರಡೂ ಆಗೋಗಿರತ್ತೆ."

"ನಿಂತು ನಿಂತು ಹೋಗೂ ಎರಡು ನಿಮಿಷರೀ ಅದು."

"ಸರಿ. ಗೆಲ್ತಿರೋನು ಚೆಂಡು ಹಿಡ್ಕೊಂಡು ಯಾಕೆ ಮಂಡಿ ಊರ್ತಾನೆ? ಇನ್ನೊಂದು ಹೊಡೀಬಹುದಲ್ವಾ? ಮರ್ಯಾದೆ ಬೇಡ್ವಾ?"

ಅಪ್ಪ ಚೂಡಾದ ಬಟ್ಟಲು ಕೆಳಗಿಟ್ಟು ನೆಟ್ಟಗೆ ಕೂರುವನು. "ಕಬಡ್ಡಿ ನೋಡೀರಿಲ್ಲೋ? ಎರಡು ಪಾಯಿಂಟ್ ಮುಂದ ಇದ್ದಾಗ ರೇಡ್‌ಗೆ ಹೋದಾವ ಏನ್ ಮಾಡತಾನ? ಉಸಿರು ಹಿಡದು, ಗೆರಿ ಮುಟ್ಟಿ, ಯಾರನೂ ಕೆಣಕದ ಹೊಳ್ಳಿ ಬರತಾನ. ಇದೂ ಹಂಗ. ಗಂಡಸ್ತನ ತೋರಸಾಕ ಹೋದವ ಸಿಕ್ಕೊಂಡು ಬೀಳತಾನ."

"ನೀವು ಹಾಗೆ ವಾಪಸ್ ಬರ್ತಿದ್ರಾ?"

"ನಾ ಸಿಕ್ಕೊಂಡು ಬಿದ್ದಾವರಿ. ಅದಕ್ಕ ಗೊತ್ತದ."

ಧಾರವಾಡದ ಕಾಲೇಜಿನಲ್ಲಿ ಅಪ್ಪ ಕಬಡ್ಡಿ ಆಡುತ್ತಿದ್ದ ಎಂದು ನನಗೆ ತಿಳಿದದ್ದು ಹೀಗೆ, ಪ್ರಸಾದ್ ಅಂಕಲ್‌ಗೆ ಹೇಳುವಾಗ.

ಬಾಗಿಲಲ್ಲಿ ಟೈಮ್‌ಔಟ್ ಕೇಳುವ ಆಟ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದ. ನಾನು ಎರಡೂ ಕೈ ಎತ್ತಿ, ಒಂದು ಅಂಗೈಯ ಕೆಳಗೆ ಇನ್ನೊಂದನ್ನು ನೆಟ್ಟಗೆ ತಾಗಿಸಿ ಟೀವಿಯ ಕೋಚ್‌ನಂತೆ ನಿಂತೆ. ಅಪ್ಪ ತಲೆಯೆತ್ತಿ ನೋಡಿ ಲೇಸು ಬಿಟ್ಟ. "ಆತು. ಗಡಿಯಾರ ನಿಂತದ. ಏನು ಹೇಳವಾ."

ನನಗೆ ಮೊದಲಿನಿಂದಲೂ ಮಾತು ಕಡಿಮೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, ಅದೂ ಒಂದು ಪದದಲ್ಲಿ ಉತ್ತರ ಕೊಡುವ ಹುಡುಗಿ. "ನಥಿಂಗ್," ಎಂದೆ. ಅಪ್ಪ ನಕ್ಕು ಲೇಸು ಕಟ್ಟಿಕೊಂಡ. ಚಪಾತಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಅಮ್ಮ ಅವನ ಕೈಗೆ ಕೊಡುವಾಗ ಎರಡನೆಯದು ಹೋಯಿತು. ಕಾರಿನ ಕೀಲಿ ಹುಡುಕುವಾಗ ಮೂರನೆಯದು. ಗ್ಯಾರೇಜಿನ ಬಾಗಿಲು ಗಡಗಡ ಸದ್ದು ಮಾಡುತ್ತ ಮೇಲೆದ್ದಾಗ ನಾನು ಮತ್ತೆ ಕೈ ಎತ್ತಿದೆ.

"ಮುಗದುವಲ್ಲವಾ ನಿನ್ನವು," ಎಂದ ಅಪ್ಪ. ಕಾರು ಹೊರಟಿತು.

ಮುಂದಿನ ವಾರವೂ ಅಷ್ಟೇ. ಅದರ ಮುಂದಿನ ಶನಿವಾರ ಅಪ್ಪನೇ ನನ್ನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದ. ಅಮ್ಮ ಬದನೆಕಾಯಿಗೆ ಗುರೆಳ್ಳು ಪುಡಿ ತುಂಬುತ್ತಿದ್ದಳು.

"ಬೂಟು ಹಾಕೋವಾಗ ಯಾಕ ಹಾಳು ಮಾಡತಿ? ಬರಿಗಾಲಲೆ ನಾ ಎಲ್ಲಿ ಓಡಿ ಹೋಗತೀನಿ? ಚಪಾತಿ ಬಿಟ್ಟು ಹೋಗತೀನೇನು? ಅವೆಲ್ಲಾ ತಾವಾಗೇ ನಿಂತ ಗಡಿಯಾರ. ಓಡೂ ಗಡಿಯಾರ ನಿಲ್ಲಸಬೇಕು. ಗ್ಯಾರೇಜ್ ಬಾಗಲಾ ಎದ್ದ ಮ್ಯಾಲ ಕರಿ."

"ಹೆಂಗ ತಡೀಬೇಕು ಅಂತ ನೀವ ಹೇಳಿಕೊಡ್ರಿ," ಎಂದಳು ಅಮ್ಮ, ತಲೆಯೆತ್ತದೆ. "ಆಮ್ಯಾಲೆ ಲೇಟಾತು ಅಂತ ನನ್ನ ಮ್ಯಾಲ ಹಾರಾಡ್ರಿ."

"ಅಪ್ಪಾ, ಒಂದು ಟೈಮ್‌ಔಟ್ ಹೌ ಲಾಂಗ್?"

"ಕರದಾವರು ಹೇಳೂದು ಮುಗಿಯೂತನಕ."

"ಟೀವಿಯೊಳಗ ಜಾಹೀರಾತು ಮುಗಿಯೂತನಕ," ಎಂದಳು ಅಮ್ಮ.

"ನಿನಗೂ ಮೂರು ಇವೆಯಾ?" ಎಂದು ಅಪ್ಪನನ್ನು ಕೇಳಿದೆ. ಅದನ್ನು ಕನ್ನಡದಲ್ಲೇ ಕೇಳಿದೆ.

"ಅವ. ಎರಡೂ ಕಡಿಗೆ ಮೂರು ಮೂರು."

"ಮತ್ತೆ ನೀನು ಯಾಕೆ ಬಳಸಲ್ಲ?"

ಅಪ್ಪ ಒಂದು ಬದನೆಕಾಯಿ ಎತ್ತಿ ಅಮ್ಮನ ಕೈಗೆ ಕೊಟ್ಟ. "ಹೋಗಾವ ಕರದ್ರ ಶೋಭಿಸೂದಿಲ್ಲವಾ. ನನ್ನವು ಇರಲಿ, ಮುಂದ ಬೇಕಾಗತಾವ."

ಅಕ್ಟೋಬರ್ ಮುಗಿದು ಓಕ್ ಮರದ ಕಾಯಿಗಳು ಗ್ಯಾರೇಜಿನಿಂದ ರಸ್ತೆಗಿಳಿಯುವ ಡ್ರೈವ್‌ವೇಯಲ್ಲಿ ಬೀಳತೊಡಗಿದವು. ಕಾರು ಹಿಂದೆ ಸರಿಯುವಾಗ ಅವು ಚಕ್ರದ ಕೆಳಗೆ ಚಟಪಟ ಒಡೆಯುತ್ತಿದ್ದವು. ನವೆಂಬರಿನ ಒಂದು ಭಾನುವಾರ ಡಲ್ಲಾಸ್‌ಗೂ ಹ್ಯೂಸ್ಟನ್‌ಗೂ ಆಟ. ಹಿಂದಿನ ಭಾನುವಾರ ಅಪ್ಪ ಹೊರಟ ಮೇಲೆ ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಈ ಸಲ ಅವನು ಒಂದು ರಾತ್ರಿಯಾದರೂ ಹೆಚ್ಚಿಗೆ ಇರಲೇಬೇಕೆಂದು ನಿಶ್ಚಯಿಸಿದ್ದೆ. ಅದಕ್ಕೆ ದಾರಿಯೂ ಕಂಡಿತ್ತು. ಆಟ ಸಮನಾದರೆ ಹೆಚ್ಚಿನ ಅವಧಿ ಆಡಿಸುತ್ತಾರೆ. ಹೆಚ್ಚಿನ ಅವಧಿ ಆಡಿಸಿದರೆ ನಾಲ್ಕು ದಾಟುತ್ತದೆ. ನಾಲ್ಕು ದಾಟಿದರೆ ಅಮ್ಮನ ಕಾನೂನು.

ಕೊನೆಯ ನಿಮಿಷಗಳಿಗೆ ಬಂದಾಗ ಗಂಟೆ ಮೂರು ದಾಟಿತ್ತು. ಡಲ್ಲಾಸ್ ಮೂರು ಅಂಕ ಮುಂದೆ. ನಾನು ನೆಲದ ಮೇಲೆ ಕೂತು ಮನಸ್ಸಿನಲ್ಲಿ ಹ್ಯೂಸ್ಟನ್ ಕಡೆ ಸೇರಿದ್ದೆ. ವಾರವಾರ ನನ್ನ ಅಪ್ಪನನ್ನು ಒಯ್ಯುವ ಊರಿಗೆ ನಾನೇ ಗೆಲುವು ಕೋರುತ್ತಿದ್ದೆ. ಹ್ಯೂಸ್ಟನ್‌ನ ಆಟಗಾರನೊಬ್ಬ ಗೆರೆಯ ಹೊರಗೆ ಬಿದ್ದು ಗಡಿಯಾರ ನಿಂತಾಗ ನನ್ನ ಕೈ ತಾನಾಗಿಯೇ ಚಪ್ಪಾಳೆ ತಟ್ಟಿತು.

ಪ್ರಸಾದ್ ಅಂಕಲ್ ನನ್ನತ್ತ ತಿರುಗಿದರು. "ಏನ್ ಪುಟ್ಟಿ, ಪಾರ್ಟಿ ಬದಲಾಯಿಸಿಬಿಟ್ಯಾ?"

ಅಪ್ಪ ನೋಡಿದ್ದು ಟೀವಿಯನ್ನಲ್ಲ, ಅಡುಗೆಮನೆಯ ಗಡಿಯಾರವನ್ನು, ಆಮೇಲೆ ನನ್ನನ್ನು.

ಹ್ಯೂಸ್ಟನ್‌ನವರು ಚೆಂಡು ಕಳೆದುಕೊಂಡರು. ಇನ್ನು ಎರಡು ನಿಮಿಷಕ್ಕೂ ಕಡಿಮೆ, ಚೆಂಡು ಡಲ್ಲಾಸ್ ಕೈಯಲ್ಲಿ. ಹ್ಯೂಸ್ಟನ್ ಕೋಚ್ ಹತ್ತಿರ ಒಂದೂ ಟೈಮ್‌ಔಟ್ ಇಲ್ಲ. ಮೂರರಲ್ಲಿ ಎರಡನ್ನು ಯಾವ ಆಟಗಾರ ಎಲ್ಲಿ ನಿಲ್ಲಬೇಕೆಂಬ ಗೊಂದಲದಲ್ಲಿ, ಇನ್ನೊಂದನ್ನು ತೀರ್ಪುಗಾರರ ಜೊತೆ ವಾದಕ್ಕಿಳಿದು ಆಗಲೇ ಕಳೆದಿದ್ದ. ಅಪ್ಪ ಬೇಸರದಿಂದ ನಾಲಿಗೆ ಲೊಚಗುಟ್ಟಿದ. ತನ್ನ ತಂಡವೇ ಗೆಲ್ಲುತ್ತಿದ್ದರೂ ಲೊಚಗುಟ್ಟಿದ. "ಬೂಟು ಹಾಕೋವಾಗ ಕಳದಾನ ನೋಡವಾ ಅಂವ."

ಡಲ್ಲಾಸ್ ಆಟಗಾರ ಚೆಂಡು ಹಿಡಿದು ಮಂಡಿಯೂರಿದ. ಗಡಿಯಾರ ಓಡಿತು. ಮತ್ತೆ ಮಂಡಿಯೂರಿದ. ಎಲ್ಲರೂ ಸುಮ್ಮನೆ ನಿಂತು ಸೆಕೆಂಡು ಸರಿಯುವುದನ್ನು ನೋಡುತ್ತಿದ್ದರು. ಆಟ ಮುಗಿಯಿತು. ಅಪ್ಪ ಟೀವಿ ಆರಿಸಿ ಎದ್ದ.

ಬೂಟು ಹಾಕಿಕೊಂಡ, ನಾನು ಸುಮ್ಮನಿದ್ದೆ. ಡಬ್ಬಿ ತೆಗೆದುಕೊಂಡ, ಸುಮ್ಮನಿದ್ದೆ. ಗ್ಯಾರೇಜ್ ಬಾಗಿಲು ಎದ್ದಾಗ ಒಂದು ಕರೆದೆ. "ಸೀಟ್‌ಬೆಲ್ಟ್ ಹಾಕಿಕೋ," ಎಂದೆ. ಕಾರು ಶುರುವಾದಾಗ ಇನ್ನೊಂದು. "ಮೆಲ್ಲಗೆ ಹೋಗು." ಕಾರು ಹಿಂದೆ ಸರಿಯಿತು, ಓಕ್ ಕಾಯಿಗಳು ಒಡೆದವು. ಚಕ್ರ ರಸ್ತೆಗೆ ತಾಗುವ ಹೊತ್ತಿಗೆ ನಾನು ಡ್ರೈವ್‌ವೇಯ ನಡುವೆ ನಿಂತು ಮೂರನೆಯದಕ್ಕೆ ಕೈ ಎತ್ತಿದೆ.

ಅಪ್ಪ ಇಂಜಿನ್ ಆರಿಸಿ ಇಳಿದು ಬಂದ. ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಹೇಳವಾ."

ನಾನು ಬಾಯಿ ತೆರೆದೆ. "ನಥಿಂಗ್" ಎಂದರೆ ಮುಗಿಯುತ್ತದೆ. "ಹೋಗಬೇಡ" ಎಂದರೂ ಮುಗಿಯುತ್ತದೆ. ಅವನು ಹೋಗಬೇಕು ಎನ್ನುತ್ತಾನೆ. ಹೇಳುವುದು ಮುಗಿಯುವ ತನಕ ಗಡಿಯಾರ ನಿಂತಿರುತ್ತದೆ ಎಂದರೆ, ಹೇಳಲು ಶುರುಮಾಡದಿದ್ದರೆ? ನಾನು ಬಾಯಿ ಮುಚ್ಚಿದೆ.

ಅಪ್ಪ ಕಾದ. ಮಂಡಿ ನೋವು ಬಂದು ರಸ್ತೆಯಂಚಿನ ಕಟ್ಟೆಯ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಯಾರದೋ ಹಿತ್ತಿಲಿನಿಂದ ಗ್ರಿಲ್‌ನ ಹೊಗೆ ಬರುತ್ತಿತ್ತು. ಅಳಿಲೊಂದು ಕಾರಿನ ಕೆಳಗೆ ಹೋಗಿ ಒಡೆದ ಕಾಯಿ ಕಚ್ಚಿಕೊಂಡು ಓಡಿತು. ಅಪ್ಪ ನನ್ನನ್ನು ಮಾತಾಡು ಎನ್ನಲಿಲ್ಲ. ವಾಚು ನೋಡಿಕೊಳ್ಳಲಿಲ್ಲ.

ಚೂಡಾದ ಡಬ್ಬಿ ಹಿಡಿದು ಮನೆಗೆ ಹೊರಟಿದ್ದ ಪ್ರಸಾದ್ ಅಂಕಲ್ ನಮ್ಮನ್ನು ಕಂಡು ನಿಂತರು. "ಸಾರ್, ಹೊರಡ್ಲಿಲ್ವಾ?"

"ಟೈಮ್‌ಔಟ್ ನಡದದರೀ."

"ಎಷ್ಟು ಹೊತ್ತು?"

"ಕೋಚ್‌ನ ಕೇಳ್ರಿ."

ಅವರು ನನ್ನ ಮುಖ ನೋಡಿದರು. ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ರಸ್ತೆ ದಾಟಿದರು. ಸ್ವಲ್ಪ ಹೊತ್ತಿಗೆ ಅಮ್ಮ ತಟ್ಟೆಯಲ್ಲಿ ಚಹಾ, ನನಗೆ ಹಾಲು ತಂದಳು. "ಇದೇನ?" ಎಂದ ಅಪ್ಪ.

"ಜಾಹೀರಾತು," ಎಂದಳು ಅಮ್ಮ.

ಅವಳೂ ನಮ್ಮ ಪಕ್ಕ ಕೂತಳು. ಚಹಾದ ಕಪ್ಪು ಖಾಲಿಯಾಗಿ, ಆರಿ, ತಳದಲ್ಲಿ ಕಂದು ಗೆರೆ ಮೂಡಿತು. ಯಾರೂ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ಅಮ್ಮ ತನ್ನ ಮುಂಗೈ ತಿರುಗಿಸಿ ನೋಡಿ, ಹವಾಮಾನ ಹೇಳುವವಳಂತೆ ಹೇಳಿದಳು: "ನಾಲ್ಕು ದಾಟೇದ. ಇನ್ನ ನಾಳೆ ಬೆಳಿಗ್ಗೇನ."

ಅಪ್ಪ ನನ್ನತ್ತ ತಿರುಗಿದ. "ಹೇಳೂದು ಮುಗೀತೇನು?"

"ಮುಗೀತು," ಎಂದೆ.

"ಹ್ಯೂಸ್ಟನ್‌ನವರಿಗೆ ನಿನ್ನ ಬುದ್ಧಿ ಇದ್ದಿದ್ರ ಇವತ್ತ ಗೆಲ್ಲತಿದ್ರು," ಎಂದು ಅಪ್ಪ ಕಾರನ್ನು ಒಳಗೆ ತಂದ.

ಆ ರಾತ್ರಿ ಹ್ಯೂಸ್ಟನ್‌ಗೆಂದು ಕಟ್ಟಿದ ಡಬ್ಬಿಯನ್ನು ನಮ್ಮ ಮೇಜಿನ ಮೇಲೆಯೇ ಬಿಚ್ಚಿ ಮೂವರೂ ತಿಂದೆವು. ಚಪಾತಿ ಡಬ್ಬಿಯ ಬಿಸಿಗೆ ಮೆತ್ತಗಾಗಿತ್ತು, ಚಟ್ನಿಯ ಎಣ್ಣೆ ಅಂಚಿಗೆ ಹತ್ತಿತ್ತು. ಅಪ್ಪ ಅಲ್ಲಿಗೆ ಹೋಗಿ ತಿನ್ನುವುದು ಇಂಥದ್ದನ್ನೇ ಎಂದು ನನಗೆ ಆಗ ಗೊತ್ತಾಯಿತು. ಬೆಳಗಿನ ಜಾವ ನಿದ್ದೆಯೊಳಗೇ ಗ್ಯಾರೇಜ್ ಬಾಗಿಲಿನ ಸದ್ದು ಕೇಳಿಸಿತು. ನಾನು ಏಳಲಿಲ್ಲ. ನನ್ನ ಮೂರೂ ಮುಗಿದಿದ್ದವು.

ಮುಂದಿನ ವರ್ಷ ಅಪ್ಪನಿಗೆ ಡಲ್ಲಾಸ್‌ನಲ್ಲೇ ಕೆಲಸ ಸಿಕ್ಕಿತು. ಭಾನುವಾರಗಳು ಸಾಮಾನ್ಯ ಭಾನುವಾರಗಳಾದವು. ಬಾಗಿಲಲ್ಲಿ ಕೈ ಎತ್ತುವ ಆಟ ಯಾವಾಗ ನಿಂತಿತೋ ನೆನಪಿಲ್ಲ. ನಿಲ್ಲಿಸಬೇಕೆಂದು ಯಾರೂ ನಿಲ್ಲಿಸಲಿಲ್ಲ.

ಈಗ ನಾನು ಆಸ್ಟಿನ್‌ನಲ್ಲಿದ್ದೇನೆ. ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಅಪ್ಪ ಅಮ್ಮನ ಮನೆಗೆ ಬರುತ್ತೇನೆ, ಭಾನುವಾರ ಮಧ್ಯಾಹ್ನ ಹೊರಡುತ್ತೇನೆ. ಪ್ರಸಾದ್ ಅಂಕಲ್ ಮಗನ ಊರಿಗೆ ಶಿಫ್ಟ್ ಆಗಿದ್ದಾರೆ; ಅಪ್ಪ ಒಬ್ಬನೇ ಆಟ ನೋಡುತ್ತಾನೆ. ಕೊನೆಯ ಎರಡು ನಿಮಿಷದಲ್ಲಿ ವಾದ ಮಾಡಲು ಯಾರೂ ಇಲ್ಲದ್ದರಿಂದ ಟೀವಿಯ ಸದ್ದು ಕಡಿಮೆ ಮಾಡಿಕೊಂಡು ನೋಡುತ್ತಾನೆ. ನನಗೆ ಟ್ರಾಫಿಕ್ಕಿನ ಭಯ, ಮರುದಿನ ಬೆಳಿಗ್ಗೆ ಮೀಟಿಂಗು. ಆಟ ಮುಗಿಯುವ ಮೊದಲೇ ಏಳುತ್ತೇನೆ. ಅಮ್ಮ ಡಬ್ಬಿ ಕೊಡುತ್ತಾಳೆ. ಅಪ್ಪ ಗ್ಯಾರೇಜಿನ ತನಕ ಬರುತ್ತಾನೆ.

ಕಳೆದ ಸಲ ನಾನು ಬೂಟಿನ ಲೇಸನ್ನು ಬೇಕೆಂದೇ ನಿಧಾನ ಕಟ್ಟಿಕೊಂಡೆ. ಕೀಲಿಯನ್ನು ಚೀಲದಲ್ಲಿ ಹುಡುಕಿದೆ. ಬಾಗಿಲು ಗಡಗಡ ಮೇಲೆದ್ದಿತು. ಕಾರನ್ನು ಹಿಂದೆ ಸರಿಸುತ್ತ ರಸ್ತೆಯ ಅಂಚಿಗೆ ಬಂದಾಗ ನಿಲ್ಲಿಸಿ, ಎದುರಿನ ಗಾಜಿನ ಮೂಲಕ ನೋಡಿದೆ. ಅಪ್ಪ ಸ್ವೆಟರಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ನಿಂತಿದ್ದ. ಅವನು ಒಂದು ಕೈ ತೆಗೆದ. ಒಂದೇ ಕೈ.

"ಹೊತ್ತಾತು, ಹೊರಡವಾ," ಎಂದ. ಬೀಸಿದ.

ಅವನ ಮೂರೂ ಟೈಮ್‌ಔಟ್ ಹಾಗೆಯೇ ಇವೆ. ಉಳಿಸಿದ್ದು ಮುಂದಕ್ಕೆ ಸೇರುವುದಿಲ್ಲ ಎಂದು ನನಗೆ ಹೇಳಿಕೊಟ್ಟವನು ಅವನೇ.