ಬಣ್ಣ ಕೆರೆದು ಬೆಲೆ ಹೇಳುವ ಸೈಕಲಕ್ಕ

ಬೆಳಗಿನ ಐದೂವರೆ. ಹಳೆ ಸೈಕಲ್ ಮಾರುವ ಬೀದಿಯಲ್ಲಿ ಹನ್ನೊಂದು ಅಂಗಡಿಗಳ ಷಟರ್ ಇನ್ನೂ ಕೆಳಗೇ ಇವೆ. ಕೊನೆಯ ತಗಡಿನ ಮಳಿಗೆಯ ಮುಂದೆ ಐವತ್ತೆರಡರ ಹೆಂಗಸೊಬ್ಬರು ಸೈಕಲನ್ನು ತಲೆಕೆಳಗೆ ನಿಲ್ಲಿಸಿ, ಮೊಂಡು ಚಾಕುವಿನಿಂದ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಬುಡದ ಬಣ್ಣ ಕೆರೆಯುತ್ತಿದ್ದಾರೆ. ಹೊಸ ಬಣ್ಣ, ಮಿರಮಿರ ಮಿಂಚುವ ಕೆಂಪು. ಹೆಬ್ಬೆರಳಗಲ ಕೆರೆದ ಮೇಲೆ ಅಲ್ಲಿ ಉಗುರಾಡಿಸಿ ನೋಡುತ್ತಾರೆ. ಬಿರುಕಿಲ್ಲ. ಚಕ್ರ ತಿರುಗಿಸಿ ಕಿವಿಗೊಡುತ್ತಾರೆ. ಆಮೇಲೆ ರಟ್ಟಿನ ತುಂಡೊಂದರ ಮೇಲೆ ಬರೆದು ಹ್ಯಾಂಡಲಿಗೆ ಕಟ್ಟುತ್ತಾರೆ: ‘ಚೈನು ಸವೆದು ಜಗ್ಗಿದೆ, ಆರು ತಿಂಗಳು ಬಂದೀತು. ಹಿಂದಿನ ಟಯರು ಬದಲಿಸಲೇಬೇಕು. ಫೋರ್ಕು ಗಟ್ಟಿ.’ ಬೆಲೆ ಇರುವುದು ಕೊನೆಯ ಸಾಲಿನಲ್ಲಿ.

ಇಷ್ಟು ಮಾಡಿದ ತಪ್ಪಿಗೆ ಈಕೆಯನ್ನು ಬೀದಿಯಿಂದ ಎಬ್ಬಿಸಲು ಹೊರಟಿದ್ದಾರೆ. ಮಳಿಗೆಗಳೆಲ್ಲ ವರ್ತಕರ ಸಂಘದವು. ಬಣ್ಣ ಕೆರೆಯುವುದನ್ನೂ ರಟ್ಟು ಕಟ್ಟುವುದನ್ನೂ ನಿಲ್ಲಿಸುತ್ತೇನೆಂದು ಶನಿವಾರದೊಳಗೆ ಬರೆದುಕೊಡಬೇಕು, ಇಲ್ಲವೇ ಮಳಿಗೆ ಖಾಲಿ ಮಾಡಬೇಕು ಎಂದು ಸಂಘ ನೋಟಿಸು ಕೊಟ್ಟಿದೆ. ಕಾರಣ, ‘ಇತರರ ವ್ಯಾಪಾರಕ್ಕೆ ಧಕ್ಕೆ’. ಆ ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ ಅದನ್ನು ಮಡಚಿ, ಬೇರಿಂಗ್ ಗುಂಡುಗಳ ಡಬ್ಬಿಯ ಕೆಳಗಿಟ್ಟು ಮುಂದಿನ ಸೈಕಲ್ ಎಳೆದುಕೊಳ್ಳುತ್ತಾರೆ.

ಊರಿಗೆಲ್ಲ ಇವರು ಸೈಕಲಕ್ಕ. ಅಂಗಡಿ ಹಾಕಿದ್ದು ಅಪ್ಪ. ಇಪ್ಪತ್ತಾರು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾದಾಗ ಸ್ಪ್ಯಾನರ್ ಹಿಡಿದವರು ಇನ್ನೂ ಬಿಟ್ಟಿಲ್ಲ. “ಅಪ್ಪ ಕಾಲು ನೋಡಿ ಬೆಲೆ ಹೇಳ್ತಿದ್ರು. ಬಂದೋರ ಚಪ್ಪಲಿ ಹೊಸದಿದ್ರೆ ಒಂದು ರೇಟು, ಹರಿದಿದ್ರೆ ಇನ್ನೊಂದು. ನಾನೂ ಹಾಗೇ ಕಲಿತೆ. ಸುಳ್ಳು ಯಾಕೆ ಹೇಳ್ಲಿ?”

ಚಾಕು ಕೈಗೆ ಬಂದದ್ದು ಹದಿನಾಲ್ಕು ವರ್ಷದ ಹಿಂದೆ. ಮನೆಮನೆಗೆ ಬ್ರೆಡ್ ಹಾಕುವವನೊಬ್ಬ ನೀಲಿ ಸೈಕಲ್ ಕೊಂಡಿದ್ದ. ಮುಂದಿನ ಚಕ್ರವನ್ನು ಗೇಣೆತ್ತರ ಎತ್ತಿ ನೆಲಕ್ಕೆ ಬಿಟ್ಟು ಸದ್ದು ಕೇಳುವುದು ಈ ಬೀದಿಯ ಪರೀಕ್ಷೆ. ಸೈಕಲಕ್ಕನೂ ಎತ್ತಿ ಬಿಟ್ಟರು, ಸದ್ದು ಗಟ್ಟಿಯಾಗಿತ್ತು, ಮಾರಿದರು. ಅದನ್ನು ಇವರಿಗೆ ಮಾರಿದವರು ಬಿರುಕು ಮುಚ್ಚಲು ಲಪ್ಪ ಮೆತ್ತಿ ಬಣ್ಣ ಬಳಿದಿದ್ದರು. ಹನ್ನೊಂದನೇ ದಿನ, ಇಳಿಜಾರಿನಲ್ಲಿ, ಬ್ರೆಡ್ಡಿನ ಡಬ್ಬದ ಸಮೇತ ಫೋರ್ಕು ಮುರಿಯಿತು. ಅವನ ಮುಂದಿನ ನಾಲ್ಕು ಹಲ್ಲು ಹೋದವು, ದವಡೆ ಒಡೆಯಿತು.

“ಬೇಕಂತ ಮಾಡ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಆದ್ರೆ ಗೊತ್ತು ಮಾಡ್ಕೊಳ್ಳೋದು ಯಾರ ಕೆಲಸ, ಅವನದಾ? ಆಸ್ಪತ್ರೆಗೆ ಹೋದ್ರೆ ಆ ಬಾಯಲ್ಲೇ ‘ಬ್ರೆಡ್ಡೆಲ್ಲ ಮಣ್ಣಾಯ್ತು ಅಕ್ಕ’ ಅಂದ. ಮನೆಗೆ ಬಂದೋಳೇ ಈ ಚಾಕು ಹುಡುಕಿ ತೆಗೆದೆ.”

ಅಂದಿನಿಂದ ಕೆರೆಯದೆ ಒಂದು ಸೈಕಲನ್ನೂ ಮಾರಿಲ್ಲ. ದಿನಕ್ಕೆ ಐದಾರು ಸೈಕಲ್ ಕೈಗೆ ಬರುತ್ತವೆ, ಎರಡೋ ಮೂರೋ ಮಾರಾಟವಾಗುತ್ತವೆ. ಲೆಕ್ಕ ಸರಳ. “ಹೊಸ ಸೈಕಲ್ ಬೆಲೆ ಹಿಡ್ಕೊಂಡು ಇಳಿಸ್ತಾ ಬರಬಾರದು. ಇನ್ನೆಷ್ಟು ದಿನ ಓಡತ್ತೆ ಅಂತ ನೋಡಿ ಏರಿಸ್ತಾ ಹೋಗ್ಬೇಕು. ಬಣ್ಣ ಓಡಲ್ಲ, ಚಕ್ರ ಓಡೋದು.” ಬಿಡಿಭಾಗಗಳಿಗೂ ಇದೇ ನ್ಯಾಯ. ಬಿರುಕು ಬಿಟ್ಟ ಫೋರ್ಕನ್ನು ಗುಜರಿಗೆ ಹಾಕುವ ಮೊದಲು ಗರಗಸದಲ್ಲಿ ಎರಡು ತುಂಡು ಮಾಡುತ್ತಾರೆ. ಇಡಿಯಾಗಿ ಕೊಟ್ಟರೆ ಬಣ್ಣ ಹಚ್ಚಿಕೊಂಡು ಮತ್ತೆ ಇದೇ ಬೀದಿಗೆ ಬರುತ್ತದೆಂದು ಅವರಿಗೆ ಗೊತ್ತು. ಹೋದ ವರ್ಷ ಹಾಗೆ ಕತ್ತರಿಸಿದ್ದು ಮೂವತ್ತೊಂದು.

ಸಂಘದ ಕಾರ್ಯದರ್ಶಿಯದು ಬೀದಿಯಲ್ಲೇ ದೊಡ್ಡ ಅಂಗಡಿ. ಅವರನ್ನೂ ಕೇಳಿದೆ. “ಹಳೇ ಮಾಲು ಅಂದ್ಮೇಲೆ ಹಳೇದೇ ಇರತ್ತೆ ಸಾರ್. ಈಯಮ್ಮ ಕೆರೆದೂ ಕೆರೆದೂ ನಮ್ಮೆಲ್ಲರ ಮೇಲೆ ಅನುಮಾನ ಹುಟ್ಟಿಸ್ತಿದ್ದಾರೆ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ನಿಮ್ಮದೊಂದು ಸೈಕಲ್ ಕೆರೆದು ತೋರಿಸಿ ಎಂದೆ. ಟೀ ತರಿಸಿದರು. ವ್ಯಾಪಾರಕ್ಕೆ ಧಕ್ಕೆಯಂತೆ. ದವಡೆ ಒಡೆಸಿಕೊಂಡವನಿಗೆ ಆದದ್ದಕ್ಕೆ ಈ ಸಂಘದ ಭಾಷೆಯಲ್ಲಿ ಏನು ಹೆಸರಿದೆಯೋ, ನನಗೆ ತಿಳಿಯದು. ಮೋಸ ಮಾಡುವವರೆಲ್ಲ ಮರ್ಯಾದಸ್ಥರು, ಮೋಸ ಬೇಡ ಎನ್ನುವ ಒಬ್ಬ ಹೆಂಗಸು ಬೀದಿಗೆ ಕಂಟಕ.

ಶಾಲೆ ಬಸ್ಸು ಓಡಿಸುವ ಗಂಡ ಬೆಳಗಿನ ಸುತ್ತು ಮುಗಿಸಿ ತಿಂಡಿ ಡಬ್ಬಿ ತರುತ್ತಾರೆ. “ನನ್ನನ್ನೂ ಕೆರೆದು ನೋಡೇ ಮದುವೆ ಆಗಿದ್ದು ಇವಳು” ಎಂದು ನಗುತ್ತಾರೆ. ನಗು ನಿಂತ ಮೇಲೆ ದನಿ ತಗ್ಗುತ್ತದೆ. “ಬರೆದುಕೊಟ್ಟುಬಿಡೇ. ಈ ವಯಸ್ಸಲ್ಲಿ ಬೇರೆ ಜಾಗ ಎಲ್ಲಿ ಹುಡುಕ್ತೀಯಾ?”

“ಬರೆದುಕೊಡೋದು ಕಷ್ಟ ಅಲ್ಲ. ಆಮೇಲೆ ಕೆರೆಯದೆ ಮಾರ್ಬೇಕಲ್ಲ. ಆಗಲ್ಲ ನನ್ನ ಕೈಲಿ.”

ಅಷ್ಟರಲ್ಲಿ ಕಾರ್ಯದರ್ಶಿಯ ಅಂಗಡಿಯ ಮುಂದೆ ಗದ್ದಲ. ಮಗಳ ಜೊತೆ ಬಂದ ತಾಯಿಯೊಬ್ಬಳು ಮನೆಯ ಬೀಗದಕೈ ತೆಗೆದು ಹಸಿರು ಸೈಕಲೊಂದರ ಫೋರ್ಕು ಕೆರೆಯುತ್ತಿದ್ದಾಳೆ. ಕಾರ್ಯದರ್ಶಿ ಕೂಗಾಡುತ್ತಿದ್ದಾರೆ. ಅವಳು ತಲೆಯೆತ್ತದೆ ಕೆರೆಯುತ್ತಲೇ ಇದ್ದಾಳೆ.

ನಿಮ್ಮ ಗಿರಾಕಿಯೇ ಎಂದು ಕೇಳುತ್ತೇನೆ. ಸೈಕಲಕ್ಕ ಕಣ್ಣು ಕಿರಿದು ಮಾಡಿ ನೋಡುತ್ತಾರೆ. “ಅಲ್ಲ. ಯಾರೋ ಗೊತ್ತಿಲ್ಲ.” ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾರೆ. “ಶನಿವಾರ ನಾನು ಖಾಲಿ ಮಾಡ್ತೀನಿ. ಆಕೆಗೆ ಎಲ್ಲಿಗೆ ನೋಟಿಸು ಕಳಿಸ್ತಾರೆ?”