ಹುಕ್ಕೇರಿಯ ಬ್ಯಾನರಿನಲ್ಲಿ ನನ್ನ ಕಣ್ಣು

ಮೂಡಲಗಿಯ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಣ್ಣ ಕೆಳಗೆ ಮೊದಲಿನಿಂದಲೂ ಕಪ್ಪು ಗುಳಿ. "ನಿದ್ದಿ ಆಗಿಲ್ಲೇನ್ರಿ ಟೀಚರ್?" ಎಂದು ಕೇಳದವರಿರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಬೇಸತ್ತು, ಗೋಕಾಕದ ಬ್ಯೂಟಿ ಪಾರ್ಲರಿನಾಕೆಯ ಮಾತು ನಂಬಿ, ಗುಳಿ ತುಂಬುವ ಫಿಲ್ಲರ್ ಚುಚ್ಚಿಸಿಕೊಂಡೆ. ಆಕೆ ಡಾಕ್ಟರಲ್ಲ ಎಂಬುದು ಗೊತ್ತಿತ್ತು. ಆದರೂ ಕೂತೆ.

ಒಂದೂವರೆ ವರ್ಷ ಚೆನ್ನಾಗಿತ್ತು. ಆಮೇಲೊಮ್ಮೆ ಜ್ವರ ಬಂದುಹೋದ ವಾರದಲ್ಲಿ ಎರಡೂ ಕಣ್ಣ ಕೆಳಗೆ ಬಾವು ಬಂತು. ಮುಟ್ಟಿದರೆ ಕಡಲೆಕಾಳಿನಂಥ ಗಂಟು. ಗೋಕಾಕಕ್ಕೆ ಓಡಿದೆ. ಆಕೆ ಖುರ್ಚಿ ಬಿಟ್ಟು ಏಳಲೂ ಇಲ್ಲ.

"ನಂದ ತಪ್ಪಾಗಿದ್ರ ಆವತ್ತ ಬಾವು ಬರ್ತಿತ್ರಿ ಅಕ್ಕಾರ. ಬದನಿಕಾಯಿ ತಿಂದಿರಬೇಕ ನೀವು."

"ಏನ ಚುಚ್ಚೀರಿ? ಅದರ ಹೆಸರರ ಹೇಳ್ರಿ."

"ಅದನ್ನ ಯಾರ ನೆನಪ ಇಟ್ಟಾರ್ರಿ?" ಎಂದು ನಕ್ಕಳು.

ಆ ನಗೆಯನ್ನು ನಾನು ಮರೆಯಲಿಲ್ಲ.

ಬೆಳಗಾವಿಯ ಚರ್ಮವೈದ್ಯೆ ನೋಡಿ, "ವರ್ಷ ಕಳದ ಮ್ಯಾಲೂ ಹಿಂಗ ಆಗತೈತ್ರಿ. ಜ್ವರಾ ಬಂದಾಗ ಒಳಗಿನ ಫಿಲ್ಲರ್ ಕೆರಳತೈತಿ. ಯಾವುದಂತ ಗೊತ್ತಿದ್ರ ಛಲೋ ಆಗ್ತಿತ್ತ" ಎಂದರು. ಔಷಧ ಕೊಟ್ಟು, ಬಾವು ಇಳಿದ ಮೇಲೆ ಫಿಲ್ಲರ್ ಕರಗಿಸುವ ಇಂಜೆಕ್ಷನ್ ಕೊಡುವುದಾಗಿ ಹೇಳಿದರು.

ಅದೇ ವಾರ ಸಹೋದ್ಯೋಗಿಯೊಬ್ಬರು ಫೋನಿಗೆ ಒಂದು ಜಾಹೀರಾತು ಕಳಿಸಿದರು. ಪಾರ್ಲರಿನಾಕೆ ಹುಕ್ಕೇರಿಯಲ್ಲಿ ಎರಡನೆಯ ಅಂಗಡಿ ತೆರೆಯುತ್ತಿದ್ದಳು. ಅದರ ಬ್ಯಾನರಿನಲ್ಲಿ ನನ್ನವೇ ಕಣ್ಣು, ಚುಚ್ಚುವಾಗ ಆಕೆ ತೆಗೆದುಕೊಂಡಿದ್ದ ಫೋಟೋ: ಮೊದಲು ಗುಳಿಬಿದ್ದವು, ಪಕ್ಕದಲ್ಲಿ ತುಂಬಿಕೊಂಡವು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಉದ್ಘಾಟನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಬಾಗಿಲಲ್ಲಿ ಹತ್ತಿಪ್ಪತ್ತು ಹೆಂಗಸರು ಸೇರಿದ್ದರು. ಬ್ಯಾನರಿನ ಕೆಳಗೆ ನಿಂತು ಕಪ್ಪು ಕನ್ನಡಕ ತೆಗೆದೆ.

"ಮ್ಯಾಲಿನ ಕಣ್ಣು ನಂದ ನೋಡ್ರಿ. ಅಲ್ಲಿ ಎರಡ ಫೋಟೋ ಅದಾವ, ಮೂರನೇದು ಇಲ್ಲೈತಿ."

ಒಬ್ಬ ಮುದುಕಿ ಮೇಲೆ ನೋಡಿದಳು, ನನ್ನನ್ನು ನೋಡಿದಳು. "ಅಯ್ಯ ನಮ್ಮವ್ವ!" ಎಂದು ಸೊಸೆಯ ಕೈ ಹಿಡಿದು ಹೊರಟೇಬಿಟ್ಟಳು. ಆಕೆಯ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಪಾರ್ಲರಿನಾಕೆ ಓಡಿಬಂದಳು. "ಅಕ್ಕಾರ, ಒಳಗ ಬರ್ರಿ, ಮಾತಾಡೂಣು."

"ಇಲ್ಲೇ ಹೇಳ್ರಿ. ಏನ ಚುಚ್ಚೀರಿ?"

ಅವಳ ತುಟಿ ನಡುಗಿತು. ಅದನ್ನು ನೋಡಲೆಂದೇ ಹೋಗಿದ್ದೆ. ಬಾತ ಕಣ್ಣುಗಳಿಂದ ಎಷ್ಟು ಕಂಡೀತೋ ಅಷ್ಟನ್ನೂ ನೋಡಿದೆ.

ಮರುದಿನ ವೈದ್ಯೆಯ ಚೀಟಿ ಲಗತ್ತಿಸಿ ಗೋಕಾಕದ ತಾಲೂಕು ಆರೋಗ್ಯಾಧಿಕಾರಿಗೆ ದೂರು ಕೊಟ್ಟೆ. ಅವರು ಅಲ್ಲಿನ ಪಾರ್ಲರಿಗೆ ಹೋಗಿ ಇಂಜೆಕ್ಷನ್ ಕೊಡುವ ಕೋಣೆಗೆ ಬೀಗ ಹಾಕಿದರು. ಆಕೆ ಫೋನು ಮಾಡಿ, "ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ ನೀವು" ಎಂದು ಅತ್ತಳು. ನಾನು ಫೋನಿಡಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಕೇಳಿದೆ.

ಈಗ ಬಲಗಣ್ಣು ಸರಿಯಾಗಿದೆ, ಎಡಗಡೆಯ ಗಂಟು ಇನ್ನೂ ಇದೆ. "ಆಕಿಗೂ ಮಕ್ಕಳದಾವ, ಬಿಟ್ಟಬಿಡ" ಎನ್ನುತ್ತಾಳೆ ಅವ್ವ. ಖರೆ. ಆದರೆ ದೂರನ್ನು ನಾನು ಹಿಂದಕ್ಕೆ ಪಡೆದಿಲ್ಲ.